ನಾವಲ್ಮುನೈಯಲ್ಲಿ ಬೇಲಿ ನಡೆದದ್ದು

ನಾವಲ್ಮುನೈಯ ಜನ ನೆಲಬಾಂಬಿಗೆ ಹೆದರಲಿಲ್ಲವೆಂದರೆ ಅವರ ಧೈರ್ಯವನ್ನು ಹೊಗಳಿದಂತಾದೀತು. ಹೆದರುವುದಕ್ಕೆ ಅವರಿಗೆ ಅದಕ್ಕಿಂತ ಹಳೆಯದಾದ, ಹೆಚ್ಚು ಪರಿಚಿತವಾದ ಒಂದು ವಸ್ತುವಿತ್ತು. ಅದು ಪಕ್ಕದ ಮನೆಯವರು ಕಟ್ಟುವ ಬೇಲಿ.

ನಮ್ಮ ಕಡೆಯ ಬೇಲಿಯ ಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೂವರಸಿ ಮರದ ಹಸಿ ಗೂಟಗಳನ್ನು ಸಾಲಾಗಿ ನೆಟ್ಟು, ನಡುವೆ ತಾಳೆಗರಿ ಹೆಣೆದು ಬಿಗಿದರೆ ಬೇಲಿಯಾಯಿತು. ಗರಿ ಒಂದು ವರ್ಷ ಬಾಳುತ್ತದೆ. ಹೊಸ ಗರಿ ಕಟ್ಟುವ ದಿನ ಒಣಗಿದ ಗೂಟಗಳನ್ನೂ ಬದಲಿಸುವುದು ವಾಡಿಕೆ, ಮತ್ತು ಹೊಸ ಗೂಟ ಹಳೆಯ ಗುಳಿಗೇ ಇಳಿದದ್ದನ್ನು ಈ ಭಾಗದಲ್ಲಿ ಯಾರೂ ಕಂಡಿಲ್ಲ. ಅದು ಒಂದು ಗೇಣು ಆಚೆ ಇಳಿಯುತ್ತದೆ. ಈ ವರ್ಷ ಕಟ್ಟುವ ಸರದಿ ನಿಮ್ಮದಾದರೆ ಬೇಲಿ ಅತ್ತ ಸರಿಯುತ್ತದೆ. ಮುಂದಿನ ವರ್ಷ ಅವರದಾದರೆ ಇತ್ತ ಮರಳುತ್ತದೆ. ಇದನ್ನು ಒತ್ತುವರಿಯೆಂದು ಕರೆಯುವುದು ಒರಟುತನ. ಬೇಲಿ ನಡೆಯಿತು ಎನ್ನುತ್ತೇವೆ, ಅದಕ್ಕೇ ಕಾಲುಗಳಿದ್ದಂತೆ, ನಮ್ಮ ಕೈಗಳಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ.

ಯುದ್ಧ ಬಂದಾಗ ಜನ ಊರು ಬಿಟ್ಟರು, ಬೇಲಿ ನಡೆಯುವುದನ್ನು ಬಿಟ್ಟಿತು. ಒಂದರ ಹಿಂದೊಂದರಂತೆ ಬಂದ ಪಡೆಗಳು ಬೇಲಿಗಳನ್ನು ಒಲೆಗಿಟ್ಟು, ಮನೆಗಳ ಕಲ್ಲು ಹೊತ್ತು ಕಾವಲುಗೂಡು ಕಟ್ಟಿ, ತೋಟಗಳಲ್ಲಿ ನೆಲಬಾಂಬು ಬಿತ್ತಿ ಹೋದವು. ಕದನ ಮುಗಿದು ವರ್ಷಗಳು ಕಳೆದ ಮೇಲೆ ಆ ಬಿತ್ತನೆಯನ್ನು ಕೀಳಲು ಹೋದ ಹೆಂಗಸರ ತಂಡಕ್ಕೆ ನಾನು ಮುಖ್ಯಸ್ಥೆ. ನನ್ನ ಹೆಸರು ಕೋಕಿಲವಾಣಿ. ಮುಖಕ್ಕೆ ಗಾಜಿನ ಪರದೆ, ಎದೆಗೆ ದಪ್ಪನೆಯ ಕವಚ ತೊಟ್ಟು ಮಂಡಿಯೂರಿ, ಉದ್ದ ಹಿಡಿಯ ಹಲ್ಲುಗೋರೆಯಿಂದ ಮರಳನ್ನು ಪದರ ಪದರವಾಗಿ ಹಿಂದಕ್ಕೆಳೆಯುವುದು ನಮ್ಮ ಕಸುಬು. ಹುಡುಕಿ ಮುಗಿಸಿದ ನೆಲಕ್ಕೂ ಮುಗಿಸದ ನೆಲಕ್ಕೂ ನಡುವೆ ಕೆಂಪು ತಲೆಯ ಗೂಟಗಳ ಸಾಲೊಂದಿರುತ್ತದೆ. ಗೂಟದ ಹಿಂದೆ ಓಡಾಡಬಹುದು, ಮುಂದೆ ಕೂಡದು. ಸಂಜೆ ಕೆಲಸ ನಿಲ್ಲಿಸುವ ಮುನ್ನ ಅಂದು ಮುಗಿದಷ್ಟು ನೆಲದ ಅಂಚಿಗೆ ಸಾಲನ್ನು ಕಿತ್ತು ನೆಡುತ್ತೇವೆ. ಕೆಲಸ ಬಿಗಿಯಾದ ಕಡೆ ಅದು ದಿನಕ್ಕೊಂದು ಗೇಣು ಮುಂದೆ ಸಾಗುತ್ತದೆ. ಈ ಗೇಣೇ ಮುಂದಿನ ಅನರ್ಥಕ್ಕೆಲ್ಲ ಕಾರಣವಾಯಿತು.

ಹಿಂದಿರುಗಿದವರಲ್ಲಿ ಮೊದಲಿಗಳು ಊರಿಗೆಲ್ಲ ಅಜ್ಜಿಯಾದ ತೈಯಲ್ಮುತ್ತು ಆಚ್ಚಿ. ಬೆನ್ನು ಬಾಗಿತ್ತು, ನಾಲಿಗೆ ನೆಟ್ಟಗಿತ್ತು. ಆಕೆಯ ಮನೆ ಇದ್ದಲ್ಲಿ ಈಗ ಸಿಮೆಂಟಿನ ನೆಲವೊಂದೇ ಉಳಿದಿತ್ತು. ರಸ್ತೆಯ ಬದಿಗೆ ತಗಡಿನ ಗುಡಿಸಲು ಹಾಕಿಕೊಂಡು, ನಾವು ಗೋರೆಯೆಳೆಯುವುದನ್ನು ಬೆಳಗಿನಿಂದ ಸಂಜೆಯವರೆಗೆ ನೋಡುತ್ತ ಕುಳಿತಿರುತ್ತಿದ್ದಳು. ಆಕೆಗೆ ಬೇಕಾಗಿದ್ದುದು ಇಡೀ ತೋಟವೂ ಅಲ್ಲ. ಅದರ ಈಶಾನ್ಯದ ಮೂಲೆ. ಆವಣಿ ತಿಂಗಳಲ್ಲಿ ಮೊಮ್ಮಗಳು ನಿರೋಜಾಳ ಮದುವೆ. ಮದುವೆಗೆ ಮುನ್ನ ಮನೆಯ ಈಶಾನ್ಯದಲ್ಲಿ ಹಂದರದ ಮೊದಲ ಕಂಬ ನೆಡಬೇಕು. ಮುಳ್ಳಿನ ಹಾಲುವಾಣದ ಹಸಿ ಕೊಂಬೆಯದು. ಅರಿಸಿನ ಬಳಿದು, ಗುಳಿಗೆ ಹಾಲೆರೆದು ನೆಟ್ಟರೆ ಅದು ಬೇರು ಬಿಟ್ಟು ಚಿಗುರುತ್ತದೆ, ಸಂಸಾರವೂ ಹಾಗೆಯೇ ಚಿಗುರಲಿ ಎಂದು. ಆಚ್ಚಿಯ ಮನೆಯ ಹೆಣ್ಣುಗಳೆಲ್ಲ ಆ ಮೂಲೆಯ ಕಂಬದ ಸಾಕ್ಷಿಯಲ್ಲಿ ಮದುವೆಯಾದವರು, ಮಗಳೊಬ್ಬಳನ್ನು ಬಿಟ್ಟು. ಆ ಮಗಳ ಮದುವೆ ನಿರಾಶ್ರಿತರ ಶಿಬಿರದಲ್ಲಿ ನಡೆದಿತ್ತು. ಕೊಂಬೆ ಕಡಿಯಲು ಹೊರಗೆ ಹೋಗುವಂತಿರಲಿಲ್ಲವಾಗಿ ಡೇರೆಯ ಕಬ್ಬಿಣದ ಕೋಲಿಗೇ ಅರಿಸಿನ ಹಚ್ಚಿದ್ದರು.

"ಕಬ್ಬಿಣ ಎಲ್ಲಾದ್ರೂ ಚಿಗುರುತ್ತಾ ಪಿಳ್ಳೆ?" ಎಂದು ಆಚ್ಚಿ ಮೊದಲ ದಿನವೇ ನನ್ನನ್ನು ಕೇಳಿದ್ದಳು. ಅಳಿಯ ಎರಡೇ ವರ್ಷಕ್ಕೆ ಬಿಟ್ಟು ಹೋದುದಕ್ಕೆ ಆಕೆ ಯುದ್ಧವನ್ನು ದೂರುತ್ತಿರಲಿಲ್ಲ, ಆ ಕೋಲನ್ನು ದೂರುತ್ತಿದ್ದಳು. ಮೊಮ್ಮಗಳಿಗೆ ಹಾಗಾಗಕೂಡದು. ಆವಣಿಗೆ ಮೊದಲು ಮೂಲೆ ಬಿಡಿಸಿಕೊಡದಿದ್ದರೆ ಗಂಡಿನ ಕಡೆಯವರು ಪಳೈ ಪಟ್ಟಣದ ಕಲ್ಯಾಣಮಂಟಪದಲ್ಲಿ, ಸಿಮೆಂಟಿನ ಡಬ್ಬಿಯಲ್ಲಿ ಕೊಂಬೆ ನಿಲ್ಲಿಸಿ ಮದುವೆ ಮುಗಿಸುವರು; ಡಬ್ಬಿಯಲ್ಲಿ ಯಾವುದು ತಾನೇ ಬೇರು ಬಿಟ್ಟೀತು?

ನಾನು ಆವಣಿಗೆ ಮುನ್ನವೇ ಮುಗಿಯುತ್ತದೆಂದು ಮಾತು ಕೊಟ್ಟೆ. ಆ ಮಾತು ಕೊಟ್ಟಾಗ ವಿನಾಸಿತ್ತಂಬಿ ಇನ್ನೂ ಊರಿಗೆ ಬಂದಿರಲಿಲ್ಲ.

ವಿನಾಸಿತ್ತಂಬಿ ಆಚ್ಚಿಯ ಪೂರ್ವದ ನೆರೆಯವನು, ಹೊಗೆಸೊಪ್ಪು ಬೆಳೆಯುತ್ತಿದ್ದವನು, ಊರಿನವರ ಬಾಯಲ್ಲಿ ವಿನಾಸಿ ಅಪ್ಪು. ಆಚ್ಚಿಗಿಂತ ನಾಲ್ಕಾರು ವರ್ಷ ಕಿರಿಯ. ಎರಡು ಮನೆಗಳ ನಡುವಿನ ಬೇಲಿಯ ವ್ಯಾಜ್ಯ ಅವರ ತಂದೆತಾಯಿಗಳ ಕಾಲದ್ದು. ಆದರೂ ಆತ ಆಕೆಯನ್ನು ಅಕ್ಕ ಎಂದೂ ಆಕೆ ಆತನನ್ನು ತಂಬಿ ಎಂದೂ ಅಲ್ಲದೆ ಬೇರೆ ರೀತಿಯಲ್ಲಿ ಕರೆದವರಲ್ಲ. ಕೋರ್ಟಿನ ಮೆಟ್ಟಿಲೇರುವಾಗಲೂ ಆತ ಅಕ್ಕನ ಕೈಹಿಡಿದು ಹತ್ತಿಸುತ್ತಿದ್ದನಂತೆ, ಒಳಗೆ ಹೋಗಿ ಆಕೆಯನ್ನು ಕಳ್ಳಿಯೆಂದು ಸಾಬೀತು ಮಾಡುವುದಕ್ಕೆ.

ಆತ ಬಂದಿಳಿದ ದಿನ ನಮ್ಮ ಕೆಲಸ ಆಚ್ಚಿಯ ತೋಟದ ಪಶ್ಚಿಮದಿಂದ ಹೊರಟು ಪೂರ್ವದ ಅಂಚನ್ನು ಮುಟ್ಟುತ್ತಲಿತ್ತು. ಬೇಲಿಯ ಕುರುಹು ಕಣ್ಣಿಗೆ ಕಾಣುವಂತಿರಲಿಲ್ಲ. ಎಲ್ಲವೂ ಒಂದೇ ಸಮನಾದ ಬಿಳಿ ಮರಳು, ಮೇಲೆ ಲಾಂಟಾನದ ಪೊದೆ. ಅಪ್ಪು ತನ್ನ ಪೆಟ್ಟಿಗೆಯನ್ನು ಕೆಳಗಿಡದೆಯೇ ರಸ್ತೆಯಲ್ಲಿ ನಿಂತು ಆ ಮರಳನ್ನು ಬಹಳ ಹೊತ್ತು ದಿಟ್ಟಿಸಿದ. ಎರಡನೆಯ ದಿನವೂ ದಿಟ್ಟಿಸಿದ. ಕೆಂಪು ಗೂಟಗಳ ಸಾಲು ಒಂದು ಗೇಣು ಪೂರ್ವಕ್ಕೆ ಬಂದಿತ್ತು. ಮೂರನೆಯ ದಿನ ಇನ್ನೊಂದು ಗೇಣು. ಹುಟ್ಟಿದಂದಿನಿಂದ ಆ ಚಲನೆಯನ್ನು ಕಂಡ ಕಣ್ಣುಗಳಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಅಕ್ಕ ಹೇಗೋ ಏನೋ ಮಾಡಿ, ಬೇಲಿ ಕಟ್ಟುವ ಕೆಲಸಕ್ಕೆ ವಿದೇಶದ ಹಣದಲ್ಲಿ ಒಂದು ಪಡೆಯನ್ನೇ ತರಿಸಿಕೊಂಡಿದ್ದಾಳೆ. ಗೂಟಗಳ ತಲೆಗೆ ಕೆಂಪು ಬಣ್ಣ ಬಳಿದಿರುವುದು ಮೋಸಗೊಳಿಸುವುದಕ್ಕೆ.

ಆತ ಈ ಸಂಗತಿಯನ್ನು ನಮ್ಮಲ್ಲಿ ಕೇಳಬಹುದಿತ್ತು. ಕೇಳುವುದು ನಮ್ಮ ಕಡೆಯ ಪದ್ಧತಿಯಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಆತ ಹೋಗಿ ಸಾಲನ್ನು ಅಚ್ಚುಕಟ್ಟಾಗಿ ಕಿತ್ತು ಪಶ್ಚಿಮಕ್ಕೆ ನೆಟ್ಟು ಬಂದ. ನಾವು ಬಂದು ನೋಡಿದಾಗ ನಿನ್ನೆ ಬಿಡಿಸಿದ ನೆಲ ಗೂಟದ ಆಚೆಗಿತ್ತು. ಗೂಟ ಅಲುಗಿದ ನೆಲವನ್ನು ಬಿಡಿಸಿದ ನೆಲವೆಂದು ನಂಬುವಂತಿಲ್ಲ, ಮತ್ತೆ ಮೊದಲಿಂದ ಗೋರೆಯೆಳೆಯಬೇಕು ಎಂಬುದು ನಮ್ಮ ನಿಯಮ. ಆಡುಗಳ ಕೆಲಸವೆಂದು ಬೈದುಕೊಂಡು ಮತ್ತೆ ಎಳೆದೆವು. ಆಡುಗಳು ಅಷ್ಟು ನೇರವಾದ ಸಾಲು ನೆಡುವುದಿಲ್ಲವೆಂದು ನನ್ನ ತಂಡದ ಸಿವರಂಜಿನಿ ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನವೂ ಅದೇ ಕಥೆ.

ಆಚ್ಚಿ ಮಾತ್ರ ಆಡುಗಳನ್ನು ಒಂದು ಕ್ಷಣವೂ ಸಂಶಯಿಸಲಿಲ್ಲ. ತಗಡಿನ ಗುಡಿಸಲಿನಿಂದಲೇ ಆಕೆಗೆ ಕಂಡಿತು: ಬೇಲಿ ಇತ್ತ ನಡೆಯುತ್ತಿದೆ, ಈಶಾನ್ಯದ ಮೂಲೆ ದಿನದಿನಕ್ಕೆ ಆಚೆಯ ಪಾಲಾಗುತ್ತಿದೆ, ಆವಣಿ ಹತ್ತಿರ ಬರುತ್ತಿದೆ. ಹಾಗೆಂದಮೇಲೆ ಮಾಡಬೇಕಾದುದೇನೆಂದು ಆಕೆಗೆ ಆಕೆಯ ತಾಯಿ ಕಲಿಸಿದ್ದಳು.

ಆ ಬೆಳಗ್ಗೆ ನಮ್ಮ ವ್ಯಾನು ಬಂದು ನಿಂತಾಗ ತೈಯಲ್ಮುತ್ತು ಆಚ್ಚಿ ಬಿಡಿಸಿದ ನೆಲವನ್ನು ದಾಟಿ, ಪೊದೆಗಳ ನಡುವೆ, ನಮ್ಮ ಗೋರೆ ಎಂದೂ ಮುಟ್ಟದ ಮರಳಿನ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಎಡಗೈಯಲ್ಲಿ ನಮ್ಮ ಕೆಂಪು ತಲೆಯ ಗೂಟ. ಬಲಗೈಯಲ್ಲಿ ಅದನ್ನು ಬಡಿಯಲು ಎತ್ತಿಕೊಂಡ ದಪ್ಪ ಕಲ್ಲು.

ನಮ್ಮ ಕಸುಬಿನಲ್ಲಿ ಕೂಗುವುದು ನಿಷಿದ್ಧ. ಕೂಗಿದರೆ ಜನ ಓಡುತ್ತಾರೆ. ಚಹಾ ಆಯಿತೇ ಎಂದು ವಿಚಾರಿಸುವ ಧ್ವನಿಯಲ್ಲಿ ಮಾತಾಡಿದೆ. "ಆಚ್ಚಿ, ಆ ಕಲ್ಲು ಕೈಯಲ್ಲೇ ಇರ್ಲಿ. ಕೆಳಗೆ ಬಿಡ್ಬೇಡಿ. ಕಾಲೂ ಎತ್ಬೇಡಿ."

"ಯಾಕೆ? ಅವನೇನು ಕೊಟ್ಟ ನಿಂಗೆ?" ಎಂದಳು ಆಚ್ಚಿ.

ಅಷ್ಟರಲ್ಲಿ ವಿನಾಸಿ ಅಪ್ಪು ಬೇವಿನ ಕಡ್ಡಿ ಅಗಿಯುತ್ತ ಬಂದ. ಅಕ್ಕ ಕಲ್ಲುಸಮೇತ ಸಿಕ್ಕಿಬಿದ್ದುದನ್ನು ಕಂಡು ಆತನ ಮುಖ ಹಬ್ಬದಂತಾಯಿತು. ಎಲ್ಲರೂ ನೋಡಿರಿ, ಅಕ್ಕ ನಿಂತಿರುವುದು ನನ್ನ ಹೊಗೆಸೊಪ್ಪಿನ ಪಾತಿಯ ಮೇಲೆ ಎಂದು ಆತ ನಮ್ಮ ತಂಡದ ಒಬ್ಬೊಬ್ಬರನ್ನೂ ಸಾಕ್ಷಿಗೆ ಕರೆಯತೊಡಗಿದ. ನಾನು ಆತನ ತೋಳು ಹಿಡಿದು, ಕೆಂಪು ಗೂಟವೆಂದರೆ ಏನೆಂದು, ಆಕೆಯ ಕಾಲ ಕೆಳಗೆ ಏನಿರಬಹುದೆಂದು ತಗ್ಗಿದ ದನಿಯಲ್ಲಿ ಹೇಳಿದೆ. ಬೇವಿನ ಕಡ್ಡಿ ಬಾಯಿಂದ ಬಿತ್ತು.

"ಅಕ್ಕ," ಎಂದ ಅಪ್ಪು, "ಅಲ್ಲೇ ಇರಿ. ಅಲುಗಬೇಡಿ. ಜಾಗ ನಿಮ್ದೇ ಅಂತ ಇಟ್ಕೊಳ್ಳಿ."

"ಎಷ್ಟು ದಿನಕ್ಕೆ?"

"ನೀವು ಈಚೆ ಬರೋ ತನಕ."

"ಹಂಗಾದ್ರೆ ನಾನು ಬರೋದೇ ಇಲ್ಲ."

ಇದು ತಮಾಷೆಯಾಗಿರಲಿಲ್ಲ, ಆಕೆ ನಿಜವಾಗಿಯೂ ಹಾಗೆ ತೀರ್ಮಾನಿಸಿದ್ದಳು. ನಾವು ಗೋರೆ ಹಿಡಿದು ಆಕೆಯತ್ತ ದಾರಿ ಬಿಡಿಸತೊಡಗಿದೆವು. ಅದು ಅವಸರಿಸುವ ಕೆಲಸವಲ್ಲ. ಬಿಸಿಲು ಏರಿತು. ಆಚ್ಚಿ ಒಮ್ಮೆ ಕುಳಿತುಕೊಳ್ಳಲು ಕೇಳಿದಳು, ಕೂಡದೆಂದೆವು. ವೀಳ್ಯ ಕೇಳಿದಳು, ಎಸೆಯುವಂತಿಲ್ಲವೆಂದೆವು. ಕಲ್ಲು ಭಾರವಾಗುತ್ತಿದೆಯೆಂದಾಗ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿದೆವು. ಅಪ್ಪು ಬಿಡಿಸಿದ ನೆಲದ ಅಂಚಿನಲ್ಲಿ ಛತ್ರಿ ಬಿಚ್ಚಿ ನಿಂತಿದ್ದ. ನೆರಳು ಆಕೆಯವರೆಗೆ ತಲುಪುವುದಿಲ್ಲವೆಂದು ಸಿವರಂಜಿನಿ ಹೇಳಿದರೆ, ತಲುಪದಿದ್ದರೂ ಹಿಡಿದಿದ್ದು ಅಕ್ಕನಿಗೆ ಕಾಣುತ್ತದಲ್ಲ ಎಂದ. ಆಮೇಲೆ ಆಕೆ ತಲೆ ಸುತ್ತಿ ಬೀಳದಿರಲೆಂದು ಮಾತಿಗೆಳೆಯತೊಡಗಿದ. ಮಾತಿಗೆ ಆತನಿಗೆ ಗೊತ್ತಿದ್ದ ವಿಷಯವೊಂದೇ. ಬೇಲಿ ಕಟ್ಟುವಾಗ ನಿಮ್ಮ ಅವ್ವ ನಮ್ಮಪ್ಪನಿಗೆ ಹೀಗೆ ಮಾಡಿದಳು, ಹಾಗೆ ಮಾಡಿದಳು ಎಂದು ಶುರುಮಾಡಿದ. ಇದು ಅದ್ಭುತವಾಗಿ ಫಲಿಸಿತು. ಬಿಸಿಲಿಗೆ ಬಾಡಿದ್ದ ಆಚ್ಚಿಯ ಮುಖಕ್ಕೆ ರಕ್ತ ಏರಿತು; ಬೆನ್ನೂ ಒಂದಿಷ್ಟು ನೆಟ್ಟಗಾಯಿತು.

ಆಕೆಗೂ ನಮಗೂ ನಡುವೆ ಇನ್ನು ಒಂದು ಮಾರು ನೆಲ ಉಳಿದಿದ್ದಾಗ ನನ್ನ ಗೋರೆಯ ಹಲ್ಲಿಗೆ ಏನೋ ಮೃದುವಾಗಿ ತಗಲಿತು. ಮರಳು ಸರಿಸಿದೆ. ಊಟದ ಡಬ್ಬಿಯ ಮುಚ್ಚಳದಷ್ಟು ಅಗಲದ, ಮಾಸಿದ ಹಸಿರು ಬಣ್ಣದ ನೆಲಬಾಂಬು. ಆಚ್ಚಿ ಹೋಗುವಾಗ ಅದನ್ನು ದಾಟಿಯೇ ಹೋಗಿದ್ದಳು. ಆಕೆಯ ಹೆಜ್ಜೆಯ ಗುರುತು ಅದರ ಮಗ್ಗುಲಲ್ಲಿಯೇ ಇತ್ತು.

ಅದರ ಬದಿಯಿಂದ ಸುತ್ತಿ ಬೇರೆ ದಾರಿ ಬಿಡಿಸಿ ಆಚ್ಚಿಯ ಕೈಹಿಡಿದು ಕರೆತಂದೆವು. ಬದಿಯಲ್ಲಿ ನಿಲ್ಲಿಸಿ, ಕಾರಣ ತಿಳಿಯಲೆಂದು ಆ ವಸ್ತುವನ್ನು ದೂರದಿಂದ ತೋರಿಸಿದೆ. ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ಸಾವಿನ ಮಾತೇನಾದರೂ ಬರಬಹುದೆಂದು ನಾನು ಕಾದೆ.

"ಇದು ಬೇಲಿಯಿಂದ ಯಾವ ಕಡೆಗಿದೆ?" ಎಂದಳು.

"ನಿಮ್ಮ ಕಡೆ ಅಕ್ಕ," ಎಂದ ಅಪ್ಪು, ಒಂದು ಕ್ಷಣವೂ ತಡೆಯದೆ.

ಆಚ್ಚಿ ಉರಿದು ಬಿದ್ದಳು. ಇಷ್ಟು ಹೊತ್ತು ತಾನು ನಿಂತದ್ದು ಆತನ ಹೊಗೆಸೊಪ್ಪಿನ ಪಾತಿಯಾಗಿತ್ತು, ಈಗ ಬಾಂಬು ಸಿಕ್ಕ ಕೂಡಲೇ ತನ್ನದಾಯಿತೇ? ಆ ಜಾಗವೆಲ್ಲ ತಂಬಿಯದೇ, ಅವನಪ್ಪನ ಕಾಲದಿಂದಲೂ ಅವನದೇ, ಬೇಕಾದರೆ ಬರೆದುಕೊಡುತ್ತೇನೆ ಎಂದಳು. ತನಗೆ ಅಕ್ಕನ ಜಾಗದ ಆಸೆ ಎಂದೂ ಇರಲಿಲ್ಲವೆಂದು ಅಪ್ಪು ದೇವರ ಮೇಲೆ ಆಣೆಯಿಟ್ಟ. ನಾವಲ್ಮುನೈಯ ಚರಿತ್ರೆಯಲ್ಲಿ ಬೇಲಿ ಎರಡೂ ಕಡೆಯಿಂದ ಏಕಕಾಲಕ್ಕೆ ಹಿಂದಕ್ಕೆ ನಡೆದದ್ದು ಅದೊಂದು ದಿನ. ಮಧ್ಯಾಹ್ನ ನಾವು ಎಲ್ಲರನ್ನೂ ದೂರ ಕಳಿಸಿ ಬಾಂಬನ್ನು ಸಿಡಿಸಿದೆವು. ಹೊಗೆ ಇಳಿಯುವ ಮೊದಲೇ ಜಾಗಕ್ಕೆ ಮತ್ತೆ ಇಬ್ಬರು ವಾರಸುದಾರರು ಹುಟ್ಟಿಕೊಂಡರು.

ಗೂಟಗಳೆಲ್ಲ ಕದಲಿದ್ದರಿಂದ ಆ ಪಟ್ಟಿಯನ್ನು ಪೂರ್ತಿ ಹೊಸದಾಗಿ ಬಿಡಿಸಬೇಕಾಯಿತು. ಇನ್ನೊಮ್ಮೆ ಯಾರಾದರೂ ಗೂಟ ಮುಟ್ಟಿದರೆ ಆವಣಿಯೊಳಗೆ ಮುಗಿಯುವುದು ಅಸಾಧ್ಯವೆಂದು ನಾನು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. ಬಾಂಬಿನ ಮಾತೆತ್ತಿದರೆ ಪ್ರಯೋಜನವಿಲ್ಲವೆಂದು ಕಲಿತಿದ್ದೆ. ಗೂಟ ಕಿತ್ತವರ ಪಾಲಿನ ನೆಲವನ್ನು ಕೊನೆಗೆ ಬಿಡಿಸುತ್ತೇವೆ, ಅಷ್ಟರಲ್ಲಿ ಇನ್ನೊಬ್ಬರು ಬೇಲಿ ಕಟ್ಟಿ ಮುಗಿಸಿರುತ್ತಾರೆ ಎಂದೆ. ಇಬ್ಬರ ಮುಖವೂ ಬಿಳಿಚಿತು. ಅಂದಿನಿಂದ ಸಾಲಿನ ಒಂದು ತುದಿಯಲ್ಲಿ ಆಚ್ಚಿ, ಇನ್ನೊಂದು ತುದಿಯಲ್ಲಿ ಅಪ್ಪು ಚಾಪೆ ಹಾಸಿ ಕುಳಿತರು, ಒಬ್ಬರು ಇನ್ನೊಬ್ಬರನ್ನು ಕಾಯುವುದಕ್ಕೆ. ತಾಳೆಬೆಲ್ಲ ಕಚ್ಚಿಕೊಂಡು ಕರಿಚಹಾ ಕುಡಿಯುವಾಗಲೂ ಲೋಟದ ಮೇಲಿನಿಂದ ಕಣ್ಣು ಗೂಟಗಳ ಮೇಲೇ ಇರುತ್ತಿತ್ತು. ಅಂಥ ಕಾವಲನ್ನು ಆ ನೆಲದಲ್ಲಿ ಯಾವ ಪಡೆಯೂ ಇಟ್ಟಿರಲಿಕ್ಕಿಲ್ಲ.

ಹಾಗೆ ಎಳೆಯುತ್ತಿದ್ದಾಗ ಮೂಲೆಯ ಹತ್ತಿರ ಮರಳಿನಲ್ಲಿ ಕಪ್ಪು ಬೊಟ್ಟುಗಳು ಕಾಣತೊಡಗಿದವು. ಗೂಟ ಕೊಳೆತು ಮಣ್ಣಾದ ಗುಳಿಗಳ ಗುರುತು ಅವು. ಒಂದು ಸಾಲು ಸಿಕ್ಕಿತು; ಅದರಿಂದ ಒಂದು ಗೇಣು ಆಚೆ ಇನ್ನೊಂದು; ಅದರಾಚೆ ಮತ್ತೊಂದು. ದಿನಗಳು ಕಳೆದಂತೆ ಆ ಪಟ್ಟಿಯೆಲ್ಲ ದಾಯಕಟ್ಟಿನ ಮಣೆಯಂತಾಯಿತು. ಎರಡು ಮನೆತನಗಳ ಬೇಲಿ ನಡೆದ ದಾರಿ ಪೂರ್ತಿ ಬಯಲಿಗೆ ಬಿದ್ದಿತ್ತು, ಹೋದದ್ದೂ ಬಂದದ್ದೂ. ಸುದ್ದಿ ತಿಳಿದು ಊರಿಗೆ ಮರಳಿದ್ದವರೆಲ್ಲ ನೋಡಲು ಬಂದರು. ಆಚ್ಚಿಯೂ ಅಪ್ಪುವೂ ನಾಚಿಕೆಪಟ್ಟಾರೆಂದು ಭಾವಿಸಿದ್ದ ನಾನು ಅವರನ್ನು ಇನ್ನೂ ಅರಿತಿರಲಿಲ್ಲ. ಅವರು ಸಾಲಿನಿಂದ ಸಾಲಿಗೆ ನಡೆಯುತ್ತ, ಮಕ್ಕಳ ಮೊದಲ ಹೆಜ್ಜೆಗಳನ್ನು ತೋರಿಸುವವರಂತೆ ಬೀಗುತ್ತ ನಮಗೆ ವಿವರಿಸಿದರು. ಇದು ನಮ್ಮಪ್ಪ ಬಿರುಗಾಳಿಯ ವರ್ಷ ನೆಟ್ಟದ್ದು ಎಂದ ಅಪ್ಪು. ಇದು ನಮ್ಮವ್ವ, ಇವನಪ್ಪ ಆಸ್ಪತ್ರೆಯಲ್ಲಿದ್ದಾಗ ನೆಟ್ಟದ್ದು ಎಂದಳು ಆಚ್ಚಿ. ಇಷ್ಟು ಒಂದೇ ಸಲಕ್ಕೆ ಹೋಗಿದ್ದಳಾ, ಗಟ್ಟಿಗಿತ್ತಿ ಎಂದು ಅಪ್ಪುವೇ ಮೆಚ್ಚಿಕೊಂಡ.

ಇವುಗಳಲ್ಲಿ ನಿಜವಾದ ಗಡಿ ಯಾವುದೆಂದು ಇಬ್ಬರೂ ನನ್ನನ್ನೇ ಕೇಳಿದರು. ಎಲ್ಲಿ ಕಾಲಿಟ್ಟರೆ ಸಿಡಿಯುವುದಿಲ್ಲವೆಂದು ಹೇಳುವುದು ನನ್ನ ಕೆಲಸ, ಯಾರು ಕಾಲಿಡಬೇಕೆಂದು ಹೇಳುವುದಲ್ಲ ಎಂದು ನಾನು ತಪ್ಪಿಸಿಕೊಂಡೆ. ಆವಣಿ ಹುಟ್ಟುವ ಮುನ್ನ ನೆಲವನ್ನು ಒಪ್ಪಿಸಿದೆವು. ಈಶಾನ್ಯದ ಮೂಲೆ ಆ ಕಪ್ಪು ಬೊಟ್ಟುಗಳ ನಟ್ಟನಡುವೆ ಬಿದ್ದಿತ್ತು.

ಕಂಬ ನೆಡುವ ಬೆಳಗ್ಗೆ ನಮ್ಮ ತಂಡವನ್ನೂ ಕರೆದಿದ್ದರು. ತಗಡಿನ ಗುಡಿಸಲಿಗೆ ಮಾವಿನೆಲೆ ಕಟ್ಟಿತ್ತು. ಸಿಮೆಂಟಿನ ನೆಲದ ಮೇಲೆ ರಂಗೋಲಿ ಬರೆದಿದ್ದರು. ನಿರೋಜಾ ಅರಿಸಿನದ ಸೀರೆಯುಟ್ಟು ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಪುರೋಹಿತ ಅಯ್ಯರು ಹಾಲಿನ ಚೊಂಬು ಹಿಡಿದು ಕಾಯುತ್ತಿದ್ದರು. ಹಾಲುವಾಣದ ಕೊಂಬೆ ಬಂದಾಗ ವಿನಾಸಿ ಅಪ್ಪು, ತೊಳೆದ ಬಿಳಿ ವೇಷ್ಟಿಯುಟ್ಟು, ಗುಳಿ ತೋಡಿದ್ದ ಕಡೆಗೇ ಬಂದು ನಿಂತ.

ಆಶೀರ್ವಾದಕ್ಕೆ ಬಂದಿರುವನೆಂದು ಅಯ್ಯರು ಭಾವಿಸಿದ್ದರು. ಆತ ಆಕ್ಷೇಪಣೆಗೆ ಬಂದಿದ್ದ. ಹುಡುಗಿಯ ಮದುವೆಗೆ ತನ್ನ ಅಡ್ಡಿಯಿಲ್ಲ, ಆದರೆ ಹಾಲುವಾಣ ನೆಟ್ಟಲ್ಲಿ ಬೇರು ಬಿಡುವ ಜಾತಿ, ಇವತ್ತು ಅರಿಸಿನ ಹಚ್ಚಿಕೊಂಡು ಬಂದದ್ದು ನಾಳೆ ಬೇಲಿಗೂಟವಾಗುತ್ತದೆ, ಮುಂದಿನ ವರ್ಷ ಅಕ್ಕ ಅದಕ್ಕೇ ಗರಿ ಕಟ್ಟುತ್ತಾಳೆ ಎಂದು ಆತ ನೆರೆದವರಿಗೆಲ್ಲ ಕೇಳುವಂತೆ ಹೇಳಿದ. ಮುಹೂರ್ತ ಜಾರುತ್ತಿದೆಯೆಂದು ಅಯ್ಯರು ಗೊಣಗಿದರು. ನಿರೋಜಾ ಆ ಗುಳಿಯನ್ನೇ ನೋಡುತ್ತಿದ್ದಳು. ಕಂಬ ಕಲ್ಯಾಣಮಂಟಪದ ಸಿಮೆಂಟಿನ ಡಬ್ಬಿಗೆ ಹೋಗುವುದೋ ಈ ಮಣ್ಣಿಗೆ ಇಳಿಯುವುದೋ ಎಂಬುದು ಆ ಮುದುಕನ ಎರಡು ಪಾದಗಳ ಮೇಲೆ ನಿಂತಿತ್ತು, ಅವು ಗುಳಿಯ ಅಂಚಿನಿಂದ ಕದಲುವಂತೆ ಕಾಣಲಿಲ್ಲ.

ಆಚ್ಚಿ ಬೈಯುವಳೆಂದು ಎಲ್ಲರೂ ಕಾದರು. ಆಕೆ ಕೊಂಬೆಯನ್ನು ಎತ್ತಿಕೊಂಡು ಆತನ ಎದುರಿಗೆ ಬಂದು ನಿಂತಳು.

"ತಂಬಿ, ಕಂಬ ಹಿಡಿಯೋದು ಸೋದರಮಾವನ ಕೆಲಸ. ನನ್ನ ಮಗ ಎಲ್ಲಿದಾನೋ ಗೊತ್ತಿಲ್ಲ. ಯುದ್ಧದ ಕೊನೇ ತಿಂಗಳಲ್ಲಿ ಹೋದವನು. ನನ್ನ ತಮ್ಮ ಕೆನಡಾದಲ್ಲಿ ಫೋನು ಹಿಡ್ಕೊಂಡು ಕೂತಿದಾನೆ, ಫೋನಲ್ಲಿ ಕಂಬ ನೆಡೋಕಾಗಲ್ಲ. ನನ್ನನ್ನ ಅಕ್ಕ ಅಂತ ಕರೆಯೋನು ಈ ಊರಲ್ಲಿ ಇನ್ಯಾರಿದಾರೆ?"

ಅಪ್ಪು ಆಕೆಯ ಮುಖ ನೋಡಿದ, ಕೊಂಬೆ ನೋಡಿದ. ಆತನ ಮನಸ್ಸಿನಲ್ಲಿ ಎರಡು ಲೆಕ್ಕಗಳು ಒಟ್ಟಿಗೆ ನಡೆದದ್ದು ನನಗೆ ಸ್ಪಷ್ಟವಾಗಿ ಕಂಡಿತು. ತನ್ನ ಕೈಯಿಂದಲೇ ನೆಟ್ಟರೆ ನಾಳೆ ಯಾವ ಕೋರ್ಟಿನಲ್ಲೂ ತಕರಾರೆತ್ತುವಂತಿಲ್ಲ. ಅಕ್ಕ ಅದನ್ನರಿತೇ ಕೇಳುತ್ತಿದ್ದಾಳೆ. ಇನ್ನೊಂದು ಲೆಕ್ಕಕ್ಕೆ ಆತ ಮೂಗು ಒರೆಸಿಕೊಳ್ಳಬೇಕಾಯಿತು.

"ಕೊಡಿ ಇಲ್ಲಿ," ಎಂದ.

ಅಯ್ಯರು ಮಂತ್ರ ಹೇಳಿ ಹಾಲೆರೆದರು. ಅಪ್ಪು ಕಂಬವನ್ನು ಗುಳಿಗಿಳಿಸಿದ. ಇಳಿಸಿದವನು, ಯಾರೂ ಗಮನಿಸಲಾರರೆಂಬ ಭರವಸೆಯಲ್ಲಿ, ಮೆಲ್ಲನೆ ಅದನ್ನು ಪಶ್ಚಿಮಕ್ಕೆ ಒತ್ತಿದ. ಆಚ್ಚಿ ಆಶೀರ್ವದಿಸುವವಳಂತೆ ಇನ್ನೊಂದು ಬದಿಯಿಂದ ಎರಡೂ ಕೈ ಚಾಚಿ ಕಂಬವನ್ನು ಪೂರ್ವಕ್ಕೆ ಒತ್ತಿದಳು. ಆತ ಕಾಲೂರಿದ, ಆಕೆ ಹೆಗಲು ಕೊಟ್ಟಳು. ನಿರೋಜಾ ಸೆರಗು ಎತ್ತಿಕಟ್ಟಿ ಮಂಡಿಯೂರಿ, ನಗುತ್ತಲೇ ಅವಸರ ಅವಸರವಾಗಿ ಗುಳಿಗೆ ಮಣ್ಣು ತುಂಬಿ ತುಳಿದಳು. ಆಯಿತು, ಇನ್ನು ಕೈ ಬಿಡಿ ಎಂದರು ಅಯ್ಯರು.

"ಅಕ್ಕ ಬಿಡ್ಲಿ."

"ಮೊದ್ಲು ತಂಬಿ ಬಿಡ್ಲಿ."

ನಡುವೆ ಕಂಬ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಅಯ್ಯರು ಮುಂದಿನ ಮಂತ್ರ ಶುರುಮಾಡಿದರು, ಹೆಂಗಸರು ಪೊಂಗಲು ಬಡಿಸಲು ಎಲೆ ಹಾಸಿದರು, ಅವರಿಬ್ಬರ ಎಲೆಗಳನ್ನು ಅಲ್ಲಿಗೇ, ಕಂಬದ ಬುಡಕ್ಕೇ ತಂದಿಟ್ಟರು.